ಬೆಕ್ಕಿನ ಬಟ್ಟಲಲ್ಲಿ ರಂಜಕ ಎಷ್ಟು? ಲೆಕ್ಕ ಹಾಕುವುದು ಹೀಗೆ

ನಮ್ಮ ಮನೆ ಬೆಕ್ಕಿನ ಹೆಸರು ಗುಬ್ಬಿ. ಇಟ್ಟವರು ಅಜ್ಜಿ, ಕಾರಣ ಕೇಳಬೇಡಿ. ಹೋದ ವರ್ಷ ಅದಕ್ಕೆ 12 ತುಂಬಿತು. ಬೇಸಿಗೆ ಹೊತ್ತಿಗೆ ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗಿತ್ತು. ‘ಪಾಪ, ಎಲುಬು ಕಾಣಾಕತ್ತಾವು, ಒಂದೀಟು ಚಲೋದು ಏನರ ಹಾಕವ್ವಾ’ ಅಂದರು ಅಜ್ಜಿ. ನಾನೂ ಹಾಕಿದೆ. ದಿನಾ ಒಂದು ಮೊಟ್ಟೆ, ಸಂಜೆಗೆ ಒಣ ಮೀನು, ಯಾರೋ ಹೇಳಿದರು ಅಂತ ಮೇಲೊಂದಿಷ್ಟು ಕ್ಯಾಲ್ಸಿಯಂ ಸಿರಪ್. ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ವರದಿಯ ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಫಾಸ್ಫರಸ್ 6.4 (ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ), ಇರಬೇಕಾದ್ದಕ್ಕಿಂತ ಜಾಸ್ತಿ. ‘ಬಟ್ಟಲದಾಗ ಏನೇನು ಹಾಕ್ತೀರಿ, ಒಂದೊಂದ ಹೇಳ್ರಿ’ ಅಂದರು. ಹೇಳಿದೆ. ನಾನು ಪ್ರೀತಿಯಿಂದ ಹಾಕಿದ್ದೆಲ್ಲಾ ಫಾಸ್ಫರಸ್ಸೇ ಆಗಿತ್ತು.

ಶಾಲೆಯಲ್ಲಿ ರಂಜಕ ಅಂತ ಓದಿದ್ದೇವಲ್ಲ, ಅದೇ ಇದು. ಬೆಂಕಿಪೊಟ್ಟಣದ ಪಕ್ಕಕ್ಕೆ ಬಳಿದಿರುತ್ತಾರೆ. ಹಾಗಂತ ವಿಷವೇನಲ್ಲ. ಎಲುಬಿಗೆ, ಹಲ್ಲಿಗೆ, ಮೈಯ ಪ್ರತಿ ಕಣಕ್ಕೂ ಬೇಕು. ಜಾಸ್ತಿಯಾದದ್ದನ್ನು ಗಟ್ಟಿ ಇರುವ ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಗುಬ್ಬಿಯದರಂಥ ಸೋತ ಕಿಡ್ನಿಗೆ ಅದು ಆಗುವುದಿಲ್ಲ. ಫಾಸ್ಫರಸ್ ರಕ್ತದಲ್ಲೇ ಉಳಿಯುತ್ತದೆ. ಅದನ್ನು ಸರಿದೂಗಿಸಲು ದೇಹ ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಿಸುತ್ತದೆ, ಆ ಹಾರ್ಮೋನು ಎಲುಬಿನ ಕ್ಯಾಲ್ಸಿಯಂ ಕರಗಿಸುತ್ತದೆ. ಮೊದಲೇ ಬಳಲಿದ ಕಿಡ್ನಿ ಇನ್ನೂ ಬೇಗ ಹಾಳಾಗುತ್ತದೆ. ಬೆಕ್ಕಂತೂ ನೋವು ತೋರಿಸುವ ಪ್ರಾಣಿಯೇ ಅಲ್ಲ. ಕ್ರಿಯೇಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ; ರಕ್ತದಲ್ಲಿ ಅದು ಮಿತಿ ದಾಟುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ.

ಮೊದಲು ಅಳತೆ, ಆಮೇಲೆ ಆಹಾರ

ಬೆಕ್ಕು ಸೊರಗಿದೆ ಅಂತ ಸೀದಾ ಅಂಗಡಿಗೆ ಹೋಗಿ ‘ಕಿಡ್ನಿ ಫುಡ್’ ತರಬೇಡಿ. ಮರಿಗಳಿಗೆ ಅದು ಸಲ್ಲದು. ಕಾಯಿಲೆ ಈಗಷ್ಟೇ ಶುರುವಾದ ಬೆಕ್ಕಿಗೆ ಫಾಸ್ಫರಸ್ ತೀರಾ ಕಡಿಮೆ ಮಾಡಿದರೆ ಕೆಲವೊಮ್ಮೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿಬಿಡುತ್ತದೆ.

ಮನೆಯಲ್ಲೇ ಎರಡು ಅಳತೆ ತೆಗೆಯಿರಿ. ಒಂದು ತೂಕ. ಗುಬ್ಬಿಯನ್ನು ಬಟ್ಟೆಯ ಕೈಚೀಲದಲ್ಲಿ ಕೂರಿಸಿ, ಲಗೇಜು ತೂಗುವ ಕಾಂಟಾಕ್ಕೆ ಸಿಕ್ಕಿಸುತ್ತೇನೆ. ತಲೆ ಹೊರಗಿದ್ದರೆ ಸುಮ್ನೆ ಕೂರುತ್ತದೆ. ಎರಡನೆಯದು ನೀರು. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ನಮ್ಮ ಹುಬ್ಬಳ್ಳಿ ಬಿಸಿಲಿಗೆ ಬಟ್ಟಲ ನೀರು ತಾನೇ ಆರುತ್ತದೆ. ಅದಕ್ಕೆ ಅಂಥದ್ದೇ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಸಿಗದ ಕಡೆ ಇಟ್ಟು, ಅಲ್ಲಿ ಕಡಿಮೆಯಾದಷ್ಟನ್ನು ಕಳೆಯಿರಿ. ದಿನಕ್ಕೆ ಕಿಲೋಗೆ 50 ಮಿ.ಲೀ. ದಾಟಿದರೆ, ಅಂದರೆ 4 ಕಿಲೋ ಬೆಕ್ಕು 200 ಮಿ.ಲೀ.ಗಿಂತ ಜಾಸ್ತಿ ಕುಡಿದರೆ, ಡಾಕ್ಟರ ಹತ್ತಿರ ಹೋಗುವ ಹೊತ್ತು. ನಳ ಬಂದ ದಿನ ಬಕೆಟ್ಟಿಗೆ ಬಾಯಿ ಹಾಕುವ ಬೆಕ್ಕಿದ್ದರೆ ಈ ಲೆಕ್ಕ ನೆಲ ಕಚ್ಚಿತು ಅನ್ನಿ.

ಹುಬ್ಬಳ್ಳಿ–ಧಾರವಾಡದಲ್ಲಿ ಬೆಕ್ಕು ನಾಯಿ ನೋಡುವ ಕ್ಲಿನಿಕ್‌ಗಳಿವೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಕ್ರಿಯೇಟಿನಿನ್, ಫಾಸ್ಫರಸ್, ಕ್ಯಾಲ್ಸಿಯಂ, ಮೂತ್ರ ಪರೀಕ್ಷೆ, ಬಿಪಿ ಇಷ್ಟನ್ನೂ ಕೇಳಿ ಮಾಡಿಸಿ. ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ಡಾಕ್ಟರುಗಳು ನಾಲ್ಕು ಹಂತ ಮಾಡಿ ನೋಡುತ್ತಾರೆ. ಅದೇ ಮಿಲಿಗ್ರಾಂ ಲೆಕ್ಕದಲ್ಲಿ ಕ್ರಿಯೇಟಿನಿನ್ 1.6ರಿಂದ 2.8 ಇದ್ದರೆ ಎರಡನೇ ಹಂತ, 5ರವರೆಗೆ ಮೂರನೆಯದು, ಅದರಾಚೆ ನಾಲ್ಕನೆಯದು. ಫಾಸ್ಫರಸ್ ಎರಡನೇ ಹಂತದಲ್ಲಿ 4.6ರ ಒಳಗೆ, ಮೂರರಲ್ಲಿ 5ರ ಒಳಗೆ, ನಾಲ್ಕರಲ್ಲಿ 6ರ ಒಳಗೆ ಇರಬೇಕು ಅನ್ನುವುದು ಗುರಿ. ಗುಬ್ಬಿಯದು ಮೂರನೇ ಹಂತ.

ಬಟ್ಟಲ ಪಟ್ಟಿ

ಒಂದು ವಾರ ಬೆಕ್ಕಿನ ಬಾಯಿಗೆ ಹೋಗುವುದನ್ನೆಲ್ಲಾ ಬರೆದಿಡಿ. ಬಿಸ್ಕೀಟಿನ ಚೂರನ್ನೂ ಬಿಡಬೇಡಿ. ನಮ್ಮ ಪಟ್ಟಿ ನೋಡಿ ನನಗೇ ನಾಚಿಕೆಯಾಯಿತು.

ಒಣ ಮೀನು ಮೊದಲು ಹೋಯಿತು. ಸಣ್ಣ ಮೀನನ್ನು ಮುಳ್ಳಿನ ಸಮೇತ ಒಣಗಿಸಿರುತ್ತಾರೆ, ಫಾಸ್ಫರಸ್ ತುಂಬಿಕೊಂಡಿರುವುದೇ ಮುಳ್ಳಲ್ಲಿ. ಜೊತೆಗೆ ಉಪ್ಪು ಬೇರೆ. ಎಲುಬಿನ ಪುಡಿಯೂ ಹಾಗೇ. ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿ ತಿರುಗಿಸಿ ಓದಿದರೆ ಅದರಲ್ಲೂ ಫಾಸ್ಫೇಟ್. ಪಿತ್ತಜನಕಾಂಗದಲ್ಲಿ ಬರೀ ಮಾಂಸಕ್ಕಿಂತ ಫಾಸ್ಫರಸ್ ಜಾಸ್ತಿ. ಹಾಲು ಕಾಯಿಸಿ ಗಟ್ಟಿ ಮಾಡಿದ ಪೇಢಾ ನಮಗೇ ಇರಲಿ.

ಮೊಟ್ಟೆಯ ಕತೆ ಬೇರೆ. ಒಂದು ಹಳದಿಯಲ್ಲಿ ಸುಮಾರು 65 ಮಿಲಿಗ್ರಾಂ ಫಾಸ್ಫರಸ್ ಇದ್ದರೆ, ಬಿಳಿಯಲ್ಲಿ ಬರೀ 5ರ ಆಸುಪಾಸು. ಪ್ರೋಟೀನು ಬಿಳಿಯಲ್ಲೂ ಚೆನ್ನಾಗಿದೆ. ಈಗ ಮೊಟ್ಟೆ ಬೇಯಿಸಿ ಬಿಳಿಯನ್ನಷ್ಟೇ ಚೂರು ಮಾಡಿ ಊಟದ ಮೇಲೆ ಉದುರಿಸುತ್ತೇನೆ. ಕೋಳಿ ಕೊಡುವುದಾದರೆ ಎಲುಬಿಲ್ಲದ ತುಂಡನ್ನು ಜಾಸ್ತಿ ನೀರಲ್ಲಿ ಕುದಿಸಿ, ನೀರು ಚೆಲ್ಲಿ. ಒಂದಿಷ್ಟು ಫಾಸ್ಫರಸ್ ಆ ನೀರಿಗೇ ಇಳಿದಿರುತ್ತದೆ. ‘ಸತ್ವ ಅದರಾಗ ಇರ್ತದ’ ಅಂತ ಸೂಪು ಹಾಕುವವರಿದ್ದಾರೆ. ಇದೇ ಕಾರಣಕ್ಕೆ ಅದು ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದಿದ್ದರೆ ಬೇಡವೇ ಬೇಡ, ಬೆಕ್ಕಿನ ರಕ್ತಕಣವನ್ನೇ ಒಡೆಯುತ್ತವೆ.

ಹಾಗಾದರೆ ಮಾಂಸವೇ ಬಿಟ್ಟು ಹಾಲು-ರೊಟ್ಟಿಯಲ್ಲೇ ಸಾಕೋಣ ಅನ್ನುವವರು ನಮ್ಮ ಕಡೆ ಬಹಳ. ಹಗೇವಿನ ಇಲಿ ಹಿಡಿಯುತ್ತಿದ್ದ ಕಾಲದಲ್ಲಿ ನಡೆಯುತ್ತಿತ್ತು, ಮೇಲಿನ ಊಟ ಬೆಕ್ಕು ತಾನೇ ನೋಡಿಕೊಳ್ಳುತ್ತಿತ್ತು. ಫ್ಲಾಟಿನ ಬೆಕ್ಕಿಗೆ ಟಾರಿನ್ ಎಲ್ಲಿಂದ ಬರಬೇಕು? ಅದು ಮಾಂಸದಲ್ಲಿ ಸಿಗುವ ವಸ್ತು. ಸಾಲದೆ ಹೋದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಪೊಟ್ಟಣ ಓದುವ ಲೆಕ್ಕ

ನಾನು ಮೋಸ ಹೋದದ್ದು ಇಲ್ಲೇ. ಒಣ ಕಾಳಿನ ಪೊಟ್ಟಣದ ಮೇಲೆ ಫಾಸ್ಫರಸ್ 1.1%, ಹಸಿ ಆಹಾರದ ಪೌಚಿನ ಮೇಲೆ 0.25% ಅಂತಿತ್ತು. ನಾಲ್ಕು ಪಟ್ಟು ಕಡಿಮೆ ಅಂತ ಪೌಚುಗಳನ್ನೇ ಹೊತ್ತು ತಂದೆ. ಪೌಚಿನಲ್ಲಿ 80% ನೀರೇ ಇತ್ತು.

ನೂರರಲ್ಲಿ ತೇವಾಂಶ ಕಳೆಯಿರಿ. ಫಾಸ್ಫರಸ್ಸನ್ನು ಉಳಿದ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಕಾಳಿನಲ್ಲಿ ತೇವಾಂಶ 10%. 1.1ನ್ನು 90ರಿಂದ ಭಾಗಿಸಿ ಗುಣಿಸಿದರೆ 1.22%. ಪೌಚಿನದು 0.25ನ್ನು 20ರಿಂದ ಭಾಗಿಸಿ ಹಾಗೇ ಗುಣಿಸಿದರೆ 1.25%. ಎರಡೂ ಒಂದೇ! ಕಿಡ್ನಿ ಬೆಕ್ಕುಗಳಿಗೆ ಮಾಡಿದ ಆಹಾರದಲ್ಲಿ ಈ ಲೆಕ್ಕ ಸಾಮಾನ್ಯವಾಗಿ 0.3ರಿಂದ 0.6%ರ ನಡುವೆ ಬರುತ್ತದೆ. ಪೌಚಿನಿಂದ ಹೊಟ್ಟೆಗೆ ನೀರು ಹೋಗುತ್ತದೆ ಅನ್ನುವುದೇನೋ ಲಾಭವೇ.

ಎಷ್ಟೋ ಪೊಟ್ಟಣಗಳ ಮೇಲೆ ಫಾಸ್ಫರಸ್ಸಿನ ಅಂಕಿಯೇ ಇರುವುದಿಲ್ಲ. ಆಗ ಪದಾರ್ಥಗಳ ಪಟ್ಟಿ ಓದಿ. ಸೋಡಿಯಂ ಫಾಸ್ಫೇಟ್, ಟ್ರೈಪಾಲಿಫಾಸ್ಫೇಟ್, ಫಾಸ್ಫಾರಿಕ್ ಆಸಿಡ್ ಅಂತಿದ್ದರೆ ಜೋಪಾನ. ಮಾಂಸದೊಳಗಿನ ಫಾಸ್ಫರಸ್ಸಿಗಿಂತ ಹೀಗೆ ಬೆರೆಸಿದ ಉಪ್ಪುಗಳು ರಕ್ತಕ್ಕೆ ಬೇಗ ಸೇರುತ್ತವೆ. ಇಂಥ ಫಾಸ್ಫೇಟನ್ನು ಜಾಸ್ತಿ ಕೊಟ್ಟಾಗ ಆರೋಗ್ಯವಾಗಿದ್ದ ಬೆಕ್ಕುಗಳ ಕಿಡ್ನಿಯಲ್ಲೂ ನಾಲ್ಕು ವಾರದಲ್ಲೇ ಏರುಪೇರು ಕಂಡದ್ದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಅನುಮಾನವಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಬರೆದು ಅಂಕಿ ಕೇಳಿ.

ಬದಲಾವಣೆ ನಿಧಾನ

ಹಳೆಯ ಊಟದಲ್ಲಿ ಒಂದು ಚಮಚ ಹೊಸದು. ತಿಂದರೆ ನಾಲ್ಕು ದಿನ ಬಿಟ್ಟು ಎರಡು ಚಮಚ. ನಮಗೆ ಐದು ವಾರ ಹಿಡಿಯಿತು. ಪೌಚನ್ನು ಬಿಸಿನೀರಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ಬಗ್ಗುತ್ತದೆ. ಹೊಸ ಊಟದೊಳಗೆ ಕಹಿ ಗುಳಿಗೆ ಬಚ್ಚಿಡಬೇಡಿ, ಆ ಊಟವನ್ನೇ ಜನ್ಮದಲ್ಲಿ ಮುಟ್ಟುವುದಿಲ್ಲ.

‘ಹಸಿವಾದರ ತಾನs ತಿಂತದ’ ಅನ್ನುವ ಹಟ ಬೆಕ್ಕಿನ ಹತ್ತಿರ ನಡೆಯದು. ಎರಡು ಮೂರು ದಿನ ಉಪವಾಸ ಬಿದ್ದರೆ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಹಳೆಯದನ್ನೇ ಹಾಕಿ, ಡಾಕ್ಟರಿಗೆ ಫೋನ್ ಮಾಡಿ.

ಊಟ ಬದಲಿಸಿಯೂ ಫಾಸ್ಫರಸ್ ಇಳಿಯದಿದ್ದರೆ ಅದನ್ನು ಹೊಟ್ಟೆಯಲ್ಲೇ ಹಿಡಿದಿಡುವ ಪುಡಿಗಳಿವೆ. ಪ್ರಮಾಣವನ್ನು ಡಾಕ್ಟರೇ ಹೇಳಬೇಕು. ಊಟದಲ್ಲಿ ಕಲಸಿಯೇ ಕೊಡಬೇಕು, ಖಾಲಿ ಹೊಟ್ಟೆಗೆ ಹಾಕಿದರೆ ದಂಡ. ಮನೆಯಲ್ಲಿರುವ ನಮ್ಮ ಗುಳಿಗೆ ಯಾವುದೂ ಬೇಡ. ಪ್ಯಾರಸಿಟಮಾಲ್ ಒಂದೇ ಬೆಕ್ಕನ್ನು ಕೊಲ್ಲಲು ಸಾಕು.

ನಾಲ್ಕರಿಂದ ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಗುಬ್ಬಿಯದು ಮೊದಲ ಸಲ 6.1ಕ್ಕಷ್ಟೇ ಇಳಿಯಿತು. ಇಷ್ಟೆಲ್ಲಾ ಮಾಡಿಯೂ ಯಾಕೆ ಅಂತ ತಲೆ ಕೆರೆದುಕೊಂಡೆ. ಒಂದು ಸಂಜೆ ಹಿಂದೆಯೇ ಹೋಗಿ ನೋಡಿದರೆ ನಮ್ಮದು ಮೂರು ಮನೆ ಬೆಕ್ಕು. ಓಣಿಯ ಮೂಲೆಯಲ್ಲಿ ಕಾಕೂ ಒಬ್ಬರು ಇಲಾಚಿ ಬಾಳೆಹಣ್ಣು ತಿನ್ನುತ್ತಾ ಕಟ್ಟೆಯ ಮೇಲೆ ಕುಳಿತಿದ್ದರು, ಕಾಲಬುಡದ ತಟ್ಟೆಯಲ್ಲಿ ಒಣ ಮೀನು. ‘ಕಾಕೂ, ಅದಕ್ಕ ಕಿಡ್ನಿ ತ್ರಾಸ ಐತ್ರಿ’ ಅಂದೆ. ‘ಅಯ್ಯ, ಮೊದಲs ಹೇಳಬಾರದs? ನೀವು ಹೊಟ್ಟಿಗೆ ಹಾಕಂಗಿಲ್ಲ ಅಂತ ನಾ ಹಾಕ್ತಿದ್ನೆವ್ವಾ’ ಅಂದರು. ಮರುದಿನದಿಂದ ಅವರ ತಟ್ಟೆಗೂ ನಮ್ಮ ಮನೆಯ ಮೊಟ್ಟೆ ಬಿಳಿ ಹೋಗುತ್ತಿದೆ. ಮುಂದಿನ ವರದಿಯಲ್ಲಿ 4.8 ಬಂತು.