ಹಳೆಯ ಮ್ಯಾಕಿಂತೋಷ್‌ಗೆ ಫ್ಲಾಪಿಯಲ್ಲಿ ಫೈಲ್ ದಾಟಿಸಿದ್ದು

ಬಳ್ಳಾರಿಯ ಒಂದು ಪ್ರೆಸ್ಸಿನಲ್ಲಿರುವ ಹಳೆಯ ಮ್ಯಾಕಿಂತೋಷ್‌ಗೆ, ವಿಂಡೋಸ್‌ನಲ್ಲಿ ಇಳಿಸಿಕೊಂಡ ಸಾಫ್ಟ್‌ವೇರ್ ಹಾಕಬೇಕಿತ್ತು. ಅದರ ಆಪರೇಟಿಂಗ್ ಸಿಸ್ಟಮ್ ಆದ ಸಿಸ್ಟಮ್ 7.5ರಲ್ಲಿ, ಪಿಸಿ ಫ್ಲಾಪಿಗಳನ್ನು ಓದಿಸುವ ಪಿಸಿ ಎಕ್ಸ್‌ಚೇಂಜ್ ಜೊತೆಗೇ ಬರುತ್ತದೆ, ಹಾಗಾಗಿ ಡಾಸ್ ಫಾರ್ಮ್ಯಾಟಿನ 1.44 ಎಂಬಿ ಫ್ಲಾಪಿ ಸಲೀಸಾಗಿ ತೆರೆಯಿತು. ಇನ್ನೂ ಹಳೆಯ 800ಕೆ (800 ಕಿಲೋಬೈಟ್) ಫ್ಲಾಪಿ ಡ್ರೈವ್ ಇರುವ ಮ್ಯಾಕ್ ಆದರೆ ಈ ದಾರಿ ಬಿಟ್ಟುಬಿಡಿ. ಅದು ಬರೆಯುವ ರೀತಿಯೇ ಬೇರೆ, ಪಿಸಿ ಡ್ರೈವಿಗೆ ಓದಲು ಬರುವುದಿಲ್ಲ.

ತೊಂದರೆ ಇದ್ದದ್ದು ಫೈಲಿನಲ್ಲಿ. ಮ್ಯಾಕ್ ಫೈಲಿಗೆ ಡೇಟಾ ಫೋರ್ಕ್ (ಮಾಹಿತಿ), ರಿಸೋರ್ಸ್ ಫೋರ್ಕ್ (ಪ್ರೋಗ್ರಾಮಿನ ಕೋಡ್, ಐಕಾನ್ ಇತ್ಯಾದಿ) ಎಂದು ಎರಡು ಭಾಗ. ಡಾಟ್ ಎಸ್‌ಇಎ (ಮ್ಯಾಕ್‌ನಲ್ಲಿ ತಾನೇ ಬಿಚ್ಚಿಕೊಳ್ಳುವ ಕಟ್ಟು) ಫೈಲನ್ನು ವಿಂಡೋಸ್‌ನಲ್ಲೇ ಬಿಚ್ಚಿದರೆ ರಿಸೋರ್ಸ್ ಫೋರ್ಕ್ ಹೋಗುತ್ತದೆ, ಆಮೇಲೆ ಅದು ಓಡುವುದೇ ಇಲ್ಲ. ಆದ್ದರಿಂದ ಎರಡೂ ಭಾಗಗಳನ್ನು ಒಂದೇ ಪಠ್ಯ ಫೈಲಿನಲ್ಲಿ ಕಾಪಾಡುವ ಡಾಟ್ ಎಚ್‌ಕ್ಯೂಎಕ್ಸ್ ರೂಪವನ್ನು ಮುಟ್ಟದೆ ಹಾಗೇ ಫ್ಲಾಪಿಗೆ ಹಾಕಿ. ಗಾತ್ರ ಮೂರನೇ ಒಂದು ಪಾಲು ಹೆಚ್ಚಾಗುತ್ತದೆ, ಅದನ್ನು ಲೆಕ್ಕದಲ್ಲಿಡಿ. ಹೆಸರು ಎಂಟು ಅಕ್ಷರ ಮೀರದಿರಲಿ.

ಮ್ಯಾಕ್‌ನಲ್ಲಿ ಮೊದಲು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಡಬಲ್ ಕ್ಲಿಕ್ಕಿಗೆ ತೆರೆಯದಿದ್ದರೆ ಗಾಬರಿ ಬೇಡ, ಇಂಥ ಫೈಲು ಬಿಚ್ಚುವ ಸ್ಟಫಿಟ್ ಎಕ್ಸ್‌ಪಾಂಡರ್ ಪ್ರೋಗ್ರಾಂ ತೆರೆದು ಅದರ ಫೈಲ್ ಮೆನುವಿನ ಎಕ್ಸ್‌ಪಾಂಡ್‌ನಿಂದ ಆರಿಸಿ.

ನಡುವೆ ಓದುವ ದೋಷ ಬಂದರೆ ಡ್ರೈವಿನ ಹೆಡ್ (ಫ್ಲಾಪಿಯನ್ನು ಓದುವ ಭಾಗ) ನೋಡಿ. ಇಲ್ಲಿ ಕೆಂಪು ಧೂಳು ಸಣ್ಣ ಪದರವಾಗಿ ಕೂತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿದಾಗ ಓದಿತು. ಮೇಲಿನ ಹೆಡ್ಡಿನ ತೋಳನ್ನು ಎಳೆಯಬೇಡಿ, ಜೋಡಣೆ ತಪ್ಪುತ್ತದೆ.