ಕೆಂಪುಕಲ್ಲಿನ ಕೋರೆಯಲ್ಲಿ ಪಳ್ಳದ ಗಿಡಗಳನ್ನು ಉಳಿಸುವುದು ಹೇಗೆ?

ಮಂಗಳೂರು, ಉಡುಪಿಯ ಪದವುಗಳಲ್ಲಿ, ಅಂದರೆ ಕೆಂಪುಕಲ್ಲಿನ ಎತ್ತರದ ಬಯಲುಗಳಲ್ಲಿ, ಮಳೆಗಾಲಕ್ಕಷ್ಟೇ ನೀರು ನಿಲ್ಲುವ ಸಣ್ಣ ಪಳ್ಳಗಳು ಲೇಔಟು, ಕೋರೆಗಳ ಪಾಲಾಗುತ್ತಿವೆ. ಜತೆಗೆ ಅವುಗಳ ಗಿಡಗಳೂ ಹೋಗುತ್ತವೆ. 1990ರಲ್ಲಿ ಹೆಸರು ಪಡೆದ ರೋಟಾಲಾ ಮಲಬಾರಿಕಾ ಎಂಬ ಪುಟ್ಟ ಗಿಡ ಉತ್ತರ ಕೇರಳದ ಇಂಥದೇ ಪಳ್ಳಗಳದ್ದು. ಈಗ ತೀವ್ರ ಅಳಿವಿನಂಚಿನಲ್ಲಿದೆ. ಕೆಲಸ ಮುಗಿದ ಕೋರೆ ಇಂಥ ಗಿಡಗಳಿಗೆ ನೆಲೆಯಾದೀತು. ಆದರೆ ಹೊಂಡ ಬೇಸಗೆಯಲ್ಲಿ ಪೂರ್ತಿ ಒಣಗಲೇಬೇಕು. ವರ್ಷವಿಡೀ ನೀರಿದ್ದರೆ ಮೀನು ನೆಲೆಯೂರುತ್ತದೆ, ಜೊಂಡು ನುಗ್ಗುತ್ತದೆ, ಒಂದೇ ಮಳೆಗಾಲ ಬಾಳುವ ಪುಟ್ಟ ಗಿಡ ನೆರಳಿನಲ್ಲಿ ಸೋಲುತ್ತದೆ. ಆಳವಾಗಿ ತೋಡಿ "ಕೆರೆ" ಮಾಡುವವರು ಕೆಡಿಸುವುದು ಇಲ್ಲೇ.

ಕೋರೆಯ ಬಿಸಿಲು ಬೀಳುವ ಮೂಲೆಯಲ್ಲಿ ಕಲ್ಲಿನ ತುಂಡು ತುಂಬಿ ಇಳಿಜಾರಾದ ಮೆಟ್ಟಿಲು ಮಾಡಿ. ನೀರು ಅಂಚಿನಲ್ಲಿ ಎರಡು ಬೆರಳು, ಒಳಗೆ ಹೆಚ್ಚೆಂದರೆ ಒಂದೂವರೆ ಅಡಿ ನಿಲ್ಲಲಿ. ಮೇಲೆ ಅಲ್ಲಿಯದೇ ಕೆಂಪುಕಲ್ಲಿನ ಪುಡಿ ಎರಡು ಇಂಚು ಹರಡಿ. ಹಟ್ಟಿಗೊಬ್ಬರ, ತೋಟದ ಮಣ್ಣು ಬೇಡ. ಸತ್ವ ಹೆಚ್ಚಿದರೆ ಪಾಚಿ ಗೆಲ್ಲುತ್ತದೆ. ಕೋರೆ ಕೆಂಪುಕಲ್ಲಿನಡಿಯ ಶೇಡಿಮಣ್ಣಿನ (ನುಣುಪಾದ ಜೇಡಿಯ) ಪದರ ಮುಟ್ಟಿದ್ದರೆ ನೀರು ಕದಡಿಯೇ ಇರುತ್ತದೆ, ತಳಕ್ಕೆ ಬೆಳಕಿಲ್ಲ. ಅಂಥದ್ದನ್ನು ಬಿಟ್ಟುಬಿಡಿ.

ಗಿಡ ಕೀಳುವುದಕ್ಕಿಂತ ಬೀಜವಿರುವ ಕೆಸರನ್ನು ತರುವುದು ಲೇಸು. ಮೊದಲು ಮಳೆಗಾಲದಲ್ಲಿ ಹೂವು, ಕಾಯಿಯ ಫೋಟೋ ತೆಗೆದು ಸಸ್ಯಶಾಸ್ತ್ರಜ್ಞರಿಂದ ಗುರುತು ಖಚಿತಪಡಿಸಿಕೊಳ್ಳಿ. ಜಾಗದ ಮಾಲೀಕರ ಒಪ್ಪಿಗೆ ಬೇಕು; ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸಿ. ಮಾರ್ಚ್–ಏಪ್ರಿಲಿನಲ್ಲಿ ಒಣಗಿದ ಪಳ್ಳದ ಮೇಲಿನ ಒಂದು ಇಂಚು ಮಣ್ಣನ್ನಷ್ಟೇ ನಾಲ್ಕೈದು ಕಡೆಯಿಂದ ಕೆರೆದುಕೊಳ್ಳಿ, ಒಟ್ಟು ಹತ್ತರಲ್ಲೊಂದು ಪಾಲು ಮೀರದಂತೆ. ಜೆಸಿಬಿ ಬರುವುದು ಖಚಿತವಾಗಿದ್ದರೆ ಮಾತ್ರ ಪೂರ್ತಿ ತೆಗೆಯಿರಿ. ದೂರದೂರಿನ ಮಣ್ಣು ತರಬೇಡಿ, ಕಳೆಬೀಜವೂ ಜತೆಗೇ ಬರುತ್ತದೆ. ಬಟ್ಟೆಯ ಚೀಲದಲ್ಲಿ ನೆರಳಿನಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ.

ಮೇ ಕೊನೆಗೆ ಹೊಸ ತಳದ ಮೇಲೆ ತೆಳುವಾಗಿ ಹರಡಿ, ಅಂಗೈಯಿಂದ ಒತ್ತಿ. ಹೂಳಬೇಡಿ, ಈ ಸಣ್ಣ ಬೀಜಗಳಿಗೆ ಬೆಳಕು ಬೇಕು. ನೀರು ಹೊರಹೋಗುವಲ್ಲಿ ಕಲ್ಲಿನ ಸಾಲು ಇಡದಿದ್ದರೆ ಜೂನಿನ ಮೊದಲ ಜೋರು ಮಳೆಗೇ ಬೀಜ ತೋಡು ಸೇರುತ್ತದೆ.

ಅಕೇಶಿಯಾ ತರಗೆಲೆಯನ್ನು ಮಳೆಗೆ ಮುನ್ನ ಗುಡಿಸಿ ತೆಗೆಯಿರಿ. ಸೊಳ್ಳೆಗೆಂದು ಗಪ್ಪಿ ಮೀನು ಬಿಡಲು, ಎಣ್ಣೆ ಹೊಯ್ಯಲು ಬರುವವರಿಗೆ ಬಿಡದಿರಿ. ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿಗಳನ್ನು ತಿನ್ನುತ್ತವೆ. ದನ ಅಂಚಿನ ಹುಲ್ಲು ಮೇಯ್ದರೆ ಒಳ್ಳೆಯದೇ, ಎಮ್ಮೆ ಮಲಗಿದರೆ ತಳ ಹಾಳು. ಮೊದಲ ವರ್ಷ ಗಿಡ ಕಾಣದಿದ್ದರೂ ಮಣ್ಣು ಕೆದಕಬೇಡಿ, ಇನ್ನೆರಡು ಮಳೆಗಾಲ ನೋಡಿ.