ನೀರು ಬರೆಯದೆ ಸೀಗಡಿ ಬರೆದಿದ್ದು

ಮನೆಯವರ ಕೆಲಸದಿಂದಾಗಿ ಶಾಂಘೈಯಲ್ಲಿದ್ದಾಗ ಭಾನುವಾರದ ಮಸಿಚಿತ್ರದ ಕ್ಲಾಸಿಗೆ ಸೇರಿದ್ದೆ. ಮೂರು ತಿಂಗಳು ಬರೆದಿದ್ದು ಬರೀ ಸೀಗಡಿ. ಚೀನಾದ ಚಿತ್ರಕಾರ ಚೀ ಬೈಶಿ (1864–1957) ಅವರ ಸೀಗಡಿ ನೋಡಿ ಬರೆಯುವುದೇ ಪಾಠ. ಹರೆಯದಲ್ಲಿ ಬಡಗಿಯಾಗಿದ್ದವರು ಅವರು. ಬಟ್ಟಲಲ್ಲಿ ಜೀವಂತ ಸೀಗಡಿ ಇಟ್ಟುಕೊಂಡು ನೋಡುತ್ತಿದ್ದರಂತೆ.

ಮೊದಲು ಮಸಿ ತೇಯಬೇಕು, ಥೇಟ್ ಗಂಧ ತೇದ ಹಾಗೆ. ಮಸಿಕಡ್ಡಿ ಅಂದರೆ ಹೊಗೆಮಸಿ ಮತ್ತು ಅಂಟು. ಬಾಟಲಿ ಮಸಿಯೂ ಸಿಗುತ್ತದೆ. ಸುಳ್ಳೇಕೆ, ಎರಡೇ ವಾರಕ್ಕೆ ನಾನು ಅದಕ್ಕೆ ಇಳಿದೆ.

ಕಾಟ ಕೊಟ್ಟಿದ್ದು ಕಾಗದ. ಶ್ವೆನ್ ಅಂದರೆ ಮಸಿಚಿತ್ರದ ಚೀನೀ ಕಾಗದ. ಪಟಿಕ ಹಾಕದ 'ಹಸಿ' ಶ್ವೆನ್ ನೀರನ್ನು ಗಟಗಟ ಕುಡಿಯುತ್ತದೆ. ಕುಂಚ ಒಂದು ಕ್ಷಣ ನಿಂತರೆ ಸಾಕು, ಸೀಗಡಿ ಹೋಗಿ ಕಪ್ಪೆಯಾಗುತ್ತದೆ. ಅಳಿಸುವ ಹಾಗೂ ಇಲ್ಲ.

ಆಡಿನ ಕೂದಲಿನ ಕುಂಚಕ್ಕೆ ತಿಳಿಮಸಿ ತುಂಬಿಸಿ, ಬಟ್ಟೆಗೆ ಒತ್ತಿ, ತಲೆಯ ಗೆರೆ ಎಳೆಯಬೇಕು. ಅದು ಅರೆ ಒದ್ದೆ ಇದ್ದಾಗಲೇ ನಡುವೆ ದಟ್ಟ ಕಪ್ಪಿನ ಒಂದು ಗೀಟು. ಆ ಕಪ್ಪು ಮೆಲ್ಲಗೆ ಹರಡಿ, ಚಿಪ್ಪಿನ ಒಳಗಿರುವುದು ಹೊರಗಿನಿಂದಲೇ ಕಂಡ ಹಾಗಾಗುತ್ತದೆ. ಬೇಗ ಹಾಕಿದರೆ ಕಲೆ, ತಡವಾದರೆ ಮೇಲೆ ಅಂಟಿಸಿದ ಪಟ್ಟಿ. ಆ ಹದ ಕೈಗೆ ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು. ಮೈಗೆ ಕುಂಚ ಮಲಗಿಸಿ ಒಂದೊಂದೇ ಮಡಿಕೆ. ಮೂರನೆಯದರ ಹತ್ತಿರ ಬೆನ್ನು ಬಾಗಬೇಕು. ಮೀಸೆ ಕೊನೆಗೆ, ಕುಂಚ ನೆಟ್ಟಗೆ ಹಿಡಿದು, ನಿಧಾನವಾಗಿ. ನೀರನ್ನು ಮಾತ್ರ ಬರೆಯುವುದಿಲ್ಲ. ಮೀಸೆ ತೇಲಿದರೆ ನೀರು ತಾನಾಗಿ ಇರುತ್ತದೆ.

ನಾನು ಕಾಲುಗಳನ್ನು ಜಾಸ್ತಿ ಬರೆಯುತ್ತಿದ್ದೆ. ನಮ್ಮ ಲಾವ್‌ಶಿ, ಅಂದರೆ ಮೇಷ್ಟ್ರು, ಸುಮ್ನೆ ಬೆರಳಿಟ್ಟು ಎಣಿಸುತ್ತಿದ್ದರು. ಚೀ ಅವರು ವಯಸ್ಸಾದಂತೆಲ್ಲ ಸೀಗಡಿಯ ಕಾಲು ಕಡಿಮೆ ಮಾಡುತ್ತಲೇ ಹೋದವರು.

ಆಮೇಲೆ ಬೆಕ್ಕಿಗೆ ಕೈ ಹಾಕಿ ಎಡವಟ್ಟು ಮಾಡಿಕೊಂಡೆ. ಮೂವತ್ತು ತುಂಬಿದ ಗೆಳತಿಗೆ ಬೆಕ್ಕು, ಚಿಟ್ಟೆಯ ಚಿತ್ರ ಕೊಟ್ಟೆ, ಮುದ್ದಾಗಿದೆ ಅಂತ. ಅವಳು ಬಿದ್ದು ಬಿದ್ದು ನಕ್ಕಳು. ಚೀನೀ ಭಾಷೆಯಲ್ಲಿ ಬೆಕ್ಕು 'ಮಾವ್', ಚಿಟ್ಟೆ 'ದಿಯೆ'. ಸೇರಿಸಿ ಹೇಳಿದರೆ ಎಂಬತ್ತು, ತೊಂಬತ್ತರ ಇಳಿವಯಸ್ಸಿನ ಪದದ ಸದ್ದೇ ಬರುತ್ತದೆ. ಅಜ್ಜ ಅಜ್ಜಿಯರಿಗೆ ಕೊಡುವ ಚಿತ್ರವಂತೆ ಅದು! ಮೀನಿನದೂ ಇದೇ ಕಥೆ. ಅದರ ಹೆಸರು ಕೇಳಲು 'ಮಿಗುವುದು' ಅನ್ನುವ ಪದದ ಹಾಗೇ ಇದೆ. ಬಾವಲಿಯ ಹೆಸರು ಭಾಗ್ಯದ ಹಾಗೆ. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಅಪಶಕುನ ಅಂತಾರೆ, ಅಲ್ವಾ? ಅಲ್ಲಿ ಐದೈದು ಬಾವಲಿ ಬರೆಸಿ ಗೋಡೆಗೆ ಹಾಕುತ್ತಾರೆ.

ಗೆಳತಿ ಆ ಚಿತ್ರವನ್ನು ತನ್ನ ಅಜ್ಜಿಗೆ ಕೊಟ್ಟಳು. ಅಜ್ಜಿಗೆ ಖುಷಿಯೋ ಖುಷಿ. ಬೆಕ್ಕಿನ ಮೀಸೆ ಮಾತ್ರ ಯಾಕೋ ಸೀಗಡಿಯದರ ಹಾಗಿದೆ ಅಂದರಂತೆ.